ಹಾಸಿಗೆ ಒಳಗೆ ತರಬೇಡ

ಅಪ್ಪಾ,

ಗಾಬರಿಯಾಗಬೇಡ, ನಿನ್ನ ಹಾಸಿಗೆ ಕಳುವಾಗಿಲ್ಲ. ಮೇಲಿರುವ ಮನೆ ಮಾಲೀಕರ ಬಚ್ಚಲ ಪೈಪು ಮತ್ತೆ ಸೋರಿ, ಅದು ನೆನೆದು ತೊಪ್ಪೆಯಾಗಿತ್ತು. ಪಕ್ಕದ ಮನೆ ಅಕ್ಕನೂ ನಾನೂ ಹೊತ್ತೊಯ್ದು ಮಾಲೀಕರ ಮೆಟ್ಟಿಲಿಗೇ ಅಡ್ಡ ಇಟ್ಟಿದ್ದೇವೆ.

ಪೈಪು ರಿಪೇರಿ ಮಾಡಿಸಿ ಅಂತ ಎಷ್ಟು ಬಾಯಿ ಬಡಕೊಂಡೆವು! ಈಗ, ನಿಮ್ಮ ನೀರಿಂದ ಹಾಳಾಯ್ತು, ಹೊಸದು ಕೊಡಿಸಿ ಅಂದರೆ, "ಅಲ್ಲಿ ಹಾಸ್ಕೊಳ್ಳಿ ಅಂತ ನಾನು ಹೇಳಿದ್ನಾ?" ಅಂದರು.

ನಿನ್ನ ಮುಖದಾಕ್ಷಿಣ್ಯ ನನಗೆ ಗೊತ್ತು. ಅವರು "ಯಜಮಾನ್ರೇ" ಅಂತ ಬೆಣ್ಣೆ ಹಚ್ಚಿದರೆ ಕರಗಿ, ಅದನ್ನು ಒಳಗೆ ತಂದುಬಿಡಬೇಡ. ಹೊಸದು ಬಂದ ಮೇಲೇ ಹಳೆಯದು ಕದಲುವುದು.

ನನಗೆ ರಾತ್ರಿ ಪಾಳಿ. ಸೊಂಟ ನೋವಿಟ್ಟುಕೊಂಡು ನೆಲದ ಮೇಲೆ ಮಲಗಬೇಡ, ನನ್ನ ಮಂಚ ಖಾಲಿ ಇದೆ.

ಮೆಟ್ಟಿಲಲ್ಲಿ ಓಡಾಡೋದು ಹೇಗೆ ಅಂತ ಅವರು ಕೂಗಾಡಿದರೆ ಇಷ್ಟೇ ಹೇಳು: "ಅಲ್ಲಿ ಓಡಾಡಿ ಅಂತ ನಾವು ಹೇಳಿದ್ವಾ?"