ಅಪ್ಪನ ಗಾಡಿಯ ಸದ್ದು

ಫೆಬ್ರವರಿ 3

ಅಕ್ಷರ ಕೋಳಿ ಕೆದರಿದ ಹಾಗಿದೆ. ಕ್ಷಮೆ ಇರಲಿ. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ, ಇದನ್ನು ಓದುವವರು ಯಾರೂ ಇಲ್ಲ. ಆದರೂ ಮೊದಲೇ ಕೇಳಿಬಿಟ್ಟರೆ ಬರೆಯಲು ಧೈರ್ಯ ಬರುತ್ತದೆ. ಶಾಲೆ ಬಿಟ್ಟದ್ದು ಐದನೇ ಕ್ಲಾಸಿಗೆ. ಒತ್ತಕ್ಷರ ಬೇಕಾದ ಕಡೆ ಬಿಟ್ಟಿರುತ್ತೇನೆ, ಬೇಡದ ಕಡೆ ಕೊಟ್ಟಿರುತ್ತೇನೆ.

ಟೈಲರ್ ಅಂಗಡಿಯಿಂದ ಬಂದ ಅಂಗಿಗಳಿಗೆಲ್ಲ ಗುಂಡಿಯ ಕಾಜ ಹೊಲಿದು ಮುಗಿಸಿದೆ. ಅಮ್ಮ ಪಕ್ಕದಲ್ಲಿ ಕೂತು ಮಡಚಿದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು. ಬೇಡ ಎನ್ನಲಿಲ್ಲ. ಅವಳಿಗೂ ಕೈಗೊಂದು ಕೆಲಸ ಬೇಕಲ್ಲ.

ಸಂಜೆ ಬೀದಿಯ ಏರಿನಲ್ಲಿ ಗಾಡಿ ಸದ್ದಾಯಿತು. ಸುಯ್ಯ್... ಎಂದು ಎಳೆಯುವ ಸದ್ದು. ಅಮ್ಮ ತಲೆ ಎತ್ತಿ, "ಬಂದ್ರು" ಎಂದಳು. ಬಾಚಣಿಗೆ ತೆಗೆದು ಕೂದಲು ಸರಿ ಮಾಡಿಕೊಂಡಳು. ಹಿತ್ತಲಲ್ಲಿ ನಲ್ಲಿ ತಿರುಗಿತು. "ಕೈ ತೊಳೀತಿದ್ದಾರೆ. ಅವರಿಗೆ ತಡ ಆಗುತ್ತೆ, ನಾವು ಶುರು ಮಾಡೋಣ." ಹೊಟ್ಟೆ ತುಂಬ ಉಂಡಳು. ಮಲಗಿದಳು.

ನಲ್ಲಿ ತಿರುಗಿಸಿದವನು ಅಣ್ಣ. ಅಪ್ಪ ಹೋಗಿ ವರ್ಷದ ಮೇಲಾಯಿತು. ಬಸ್ ನಿಲ್ದಾಣದ ಹೊರಗೆ ಬಾಡಿಗೆಗೆ ಕಾಯುತ್ತಾ ಸ್ಟಿಯರಿಂಗ್ ಮೇಲೆ ತಲೆ ಇಟ್ಟವರು ಮತ್ತೆ ಎತ್ತಲಿಲ್ಲ. ಅಮ್ಮನಿಗೆ ಹೇಳಿದೆವು. ಅತ್ತಳು. ಆಮೇಲೆ ಮರೆತಳು. ಮರೆವಿನ ಕಾಯಿಲೆ ಅದಕ್ಕೂ ಮುಂಚಿನದು. ಗಾಡಿ ಅದೇ, ಸದ್ದು ಅದೇ. ಹಾಗಾಗಿ ಅವಳಿಗೆ ಅಪ್ಪ ದಿನಾ ಸಂಜೆ ಮನೆಗೆ ಬರುತ್ತಾರೆ. ನೋಡಬೇಕು ಎಂದು ಯಾವತ್ತೂ ಕೇಳುವುದಿಲ್ಲ. ಬಂದರು ಎನ್ನುವುದಷ್ಟೇ ಸಾಕು.

ಫೆಬ್ರವರಿ 10

ಅಣ್ಣ ಮುಖ ಊದಿಸಿಕೊಂಡು ಬಂದ. ಗುಡ್ಡದ ಮೇಲಿನ ಫ್ಯಾಕ್ಟರಿಗೆ ಶಿಫ್ಟಿನ ಜನರನ್ನು ಕರೆದೊಯ್ಯುವುದು ಅವನ ಕೆಲಸ. ಅಲ್ಲಿನ ಸೂಪರ್‌ವೈಸರ್ ಬೈದರಂತೆ. ಮತ್ತೆ ತಡವಾದರೆ ಬೇರೆ ಗಾಡಿ ನೋಡಿಕೊಳ್ಳುತ್ತಾರಂತೆ.

"ಏರಲ್ಲಿ ಸೈಕಲ್‌ನೋನು ನನ್ನ ದಾಟಿ ಹೋಗ್ತಾ ಕೈ ಬೀಸ್ದ ಕಣೇ. ಹಿಂದೆ ಕೂತೋರೆಲ್ಲ ಬಿದ್ದು ಬಿದ್ದು ನಕ್ರು."

"ಗಾಡಿಗೆ ವಯಸ್ಸಾಯ್ತಲ್ಲ ಅಣ್ಣ."

"ಅದಕ್ಕೇ ಚಿಪ್ ಹಾಕಿಸ್ತೀನಿ."

"ಗಾಡಿಗೂ ಸಿಮ್ ಕಾರ್ಡಾ?"

"ಗೂಬೆ! ಇಂಜಿನ್‌ಗೆ ಎಷ್ಟು ಡೀಸೆಲ್ ಕೊಡ್ಬೇಕು ಅಂತ ಲೆಕ್ಕ ಹಾಕೋಕೆ ಒಂದು ಕಂಪ್ಯೂಟರ್ ಇರುತ್ತೆ. ಈ ಚಿಪ್ಪು ಅದರ ಕಿವಿ ಊದುತ್ತೆ. ಪಾಪ ಹಸಿದಿದೆ, ಇನ್ನೂ ಸ್ವಲ್ಪ ಬಡಿಸು ಅಂತ."

ಬಹಳ ದಿನದ ಮೇಲೆ ಅಣ್ಣ ನಕ್ಕ.

ಫೆಬ್ರವರಿ 15

ಮೂವರೂ ಗ್ಯಾರೇಜಿಗೆ ಹೋದೆವು. ಅಮ್ಮನನ್ನು ಒಬ್ಬಳೇ ಬಿಡುವ ಹಾಗಿಲ್ಲ. ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಳು.

ಚಿಪ್ ಹಾಕುವವನನ್ನು ಅಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಎಂದೇ ಕರೆಯುತ್ತಾರೆ. ಕಂಕುಳಲ್ಲಿ ಯಾವಾಗಲೂ ಅದೇ. ನನ್ನನ್ನು ಏನೋ ಕೇಳಿದ. ಟೈರ್ ನೋಡುತ್ತಾ "ಹೂಂ" ಎಂದೆ. ಏನು ಕೇಳಿದನೋ ಈಗಲೂ ಗೊತ್ತಿಲ್ಲ.

ಅವನು ಡ್ಯಾಶ್‌ಬೋರ್ಡಿನ ಕೆಳಗೆ ವೈರ್ ಚುಚ್ಚಿದ್ದನ್ನು ನೋಡಿ ಅಮ್ಮ, "ಏನ್ ಡಾಕ್ಟ್ರೇ, ಜ್ವರಾನಾ?" ಎಂದಳು.

"ಜ್ವರ ಇಲ್ಲಮ್ಮ. ನಿಶ್ಶಕ್ತಿ. ಟಾನಿಕ್ ಕೊಡ್ತೀನಿ."

ಚಿಪ್ ಎಂದರೆ ಸೋಪಿನ ತುಂಡಿನಷ್ಟು ಕಪ್ಪು ಡಬ್ಬ. ಇಂಜಿನ್ನಿನ ಒಂದು ಪ್ಲಗ್ ಬಿಚ್ಚಿ, ನಡುವೆ ಇದನ್ನು ಸಿಕ್ಕಿಸಿದರೆ ಆಯಿತು. ಇಷ್ಟೇನಾ ಅನ್ನಿಸಿತು. ಆದರೆ ಲ್ಯಾಪ್‌ಟಾಪ್ ತಲೆ ಆಡಿಸಿದ. ಗಾಳಿ ಒತ್ತಿ ಕಳಿಸುವ ಟರ್ಬೋದಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಪೈಪ್ ಸೀಳಿದೆಯಂತೆ. ಅಪ್ಪ ಬಟ್ಟೆ ಸುತ್ತಿ, ಟೇಪ್ ಬಿಗಿದು ವರ್ಷಗಟ್ಟಲೆ ಓಡಿಸಿದ್ದರು.

"ಇದನ್ನಿಟ್ಕೊಂಡು ಚಿಪ್ ಹಾಕಿದ್ರೆ ಬರೀ ಹೊಗೆ. ಪೈಪ್ ಬದಲಾಯಿಸಿ ಮಾವ."

ಗ್ಯಾರೇಜ್ ಮಾವ ಅಪ್ಪನ ಗೆಳೆಯರು. ಅವರು ಕ್ಲಿಪ್ ಸಡಿಲಿಸುತ್ತಿದ್ದಾಗ ಅಮ್ಮ ಕಿಟಕಿಯಿಂದ ತಲೆ ಹಾಕಿದಳು. "ಅವರನ್ನ ಒಂದು ಮಾತು ಕೇಳ್ಬಿಟ್ಟು ಬಿಚ್ಚಪ್ಪ. ಅವರ ಗಾಡಿ."

ಮಾವನ ಕೈ ನಿಂತಿತು. ಅಣ್ಣನ ಮುಖ ನೋಡಿದರು. ಅಣ್ಣ ಮುಖ ತಿರುಗಿಸಿಕೊಂಡ. "ಕೇಳಿದ್ದೀನಿ ಅತ್ತಿಗೆ, ಆಗಲಿ ಅಂದಿದ್ದಾನೆ," ಎಂದರು ಮಾವ.

ಫೆಬ್ರವರಿ 16

ಅಣ್ಣ ಫ್ಯಾಕ್ಟರಿ ಏರನ್ನು ಸರ್ರನೆ ಹತ್ತಿದನಂತೆ. ಸಂಜೆ ಮನೆ ಮುಂದೆ ಗಾಡಿ ಬಂದು ನಿಂತದ್ದು ನನಗೇ ಗೊತ್ತಾಗಲಿಲ್ಲ. ನಲ್ಲಿ ತಿರುಗಿತು.

"ಯಾರದು ಹಿತ್ತಲಲ್ಲಿ?" ಎಂದಳು ಅಮ್ಮ.

"ಅಪ್ಪ ಕಣಮ್ಮ."

"ಅವರ ಗಾಡಿ ಇನ್ನೂ ಬಂದಿಲ್ಲ. ನನಗೆ ಗೊತ್ತಾಗಲ್ವಾ? ಅವರು ಬರಲಿ, ಉಂಡರಾಯ್ತು."

ಉಣ್ಣಲಿಲ್ಲ.

ಫೆಬ್ರವರಿ 19

ಬೆಳಿಗ್ಗೆ ಒಂದೆರಡು ತುತ್ತು. ಸಂಜೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಕರೆದರೆ, "ನೀವು ಉಣ್ಣಿ". ಬಲವಂತ ಮಾಡಿದರೆ ಬಾಯಿ ಬಿಗಿ ಹಿಡಿಯುತ್ತಾಳೆ.

ಇಂದು ಅಣ್ಣ ಚಿಪ್ಪಿನ ಪ್ಲಗ್ ಕಿತ್ತು, ಬೀದಿಯ ಬುಡದಿಂದ ಮನೆವರೆಗೆ ಓಡಿಸಿಕೊಂಡು ಬಂದ. ಅಮ್ಮ ಕದಲಲಿಲ್ಲ. ಇನ್ನೊಮ್ಮೆ ಹೋಗಿ ಬಂದ. "ಯಾರೋ ದಾರಿ ತಪ್ಪಿದ್ದಾರೆ ಪಾಪ, ಹೋಗಿ ಹೇಳೇ," ಎಂದಳು ನನಗೆ.

ಅಣ್ಣ ಗಾಡಿಯಲ್ಲೇ ಬಹಳ ಹೊತ್ತು ಕೂತಿದ್ದ.

ಫೆಬ್ರವರಿ 23

ಬರೆಯಬಾರದು ಅಂದುಕೊಂಡೆ.

ಅಣ್ಣ ತುತ್ತು ಕಲಸಿ ಬಾಯಿಗಿಟ್ಟ. ಅಮ್ಮ ಅವನ ಕೈ ತಳ್ಳಿದಳು. ಅಂಗಿಗೆಲ್ಲ ಚೆಲ್ಲಿತು. "ಅವರು ಬರಲಿ ಅಂದ್ನಲ್ಲ!"

"ಬರಲ್ಲಮ್ಮಾ! ಅಪ್ಪ ಸತ್ತು ವರ್ಷ ಆಯ್ತು! ದಿನಾ ಬರ್ತಿದ್ದೋನು ನಾನು!"

ಅಮ್ಮ ಅವನನ್ನೇ ನೋಡಿದಳು. ಆಮೇಲೆ ನನ್ನನ್ನು. ನಾನು ಇಲ್ಲ ಎನ್ನಬಹುದಿತ್ತು. ಚೆಲ್ಲಿದ್ದನ್ನು ಬಳಿಯತೊಡಗಿದೆ. ಅವಳು ಕುರ್ಚಿಯಿಂದ ಜಾರಿ ನೆಲಕ್ಕೆ ಕೂತಳು. ಅತ್ತ ರೀತಿ... ಮೊದಲ ಸಲದ ಹಾಗೇ ಇತ್ತು. ಅವಳಿಗೆ ಇದೇ ಮೊದಲ ಸಲ.

ಅತ್ತು ಅತ್ತು ನಿದ್ದೆ ಹೋದಳು. ಎದ್ದವಳು ದೀಪದ ಬೆಳಕು ನೋಡಿ, "ಹೊತ್ತಾಯ್ತಲ್ಲೇ, ಅವರಿನ್ನೂ ಬಂದಿಲ್ವಾ?" ಎಂದಳು.

ಅಣ್ಣ ಹಿತ್ತಲಿಗೆ ಹೋದ. ನಲ್ಲಿ ಪೂರಾ ಬಿಟ್ಟುಕೊಂಡ. ಕೈ ತೊಳೆಯಲು ಅಲ್ಲ, ಅಳು ಕೇಳದಿರಲಿ ಎಂದು. ಕೇಳಿಸಿತು.

ಫೆಬ್ರವರಿ 24

ಗೊತ್ತಾಯಿತು. ಚಿಪ್ಪಲ್ಲ!

ಮಧ್ಯಾಹ್ನ ನೀರು ಕಾಯಿಸಲು ಕೆಟಲ್ ಇಟ್ಟಿದ್ದೆ. ಮೂತಿಯಿಂದ ಆವಿ ಸುಯ್ಯ್ ಎಂದಿತು. ಮಂಚದ ಮೇಲಿದ್ದ ಅಮ್ಮ ತಟ್ಟನೆ ಬಾಗಿಲ ಕಡೆ ತಿರುಗಿ, "ಬಂದ್ರಾ?" ಎಂದಳು. ಬಾಚಣಿಗೆ ಹುಡುಕಿದಳು. ಅಷ್ಟರಲ್ಲಿ ಕೆಟಲ್ ಕುದಿದು ಸದ್ದು ಬೇರೆಯಾಯಿತು. ಅವಳ ಕೈ ಕೆಳಗಿಳಿಯಿತು.

ಅವಳು ಕೇಳುತ್ತಿದ್ದುದು ಇಂಜಿನ್ನಲ್ಲ. ಸೀಳಿದ ಪೈಪ್. ಏರಿನಲ್ಲಿ ಗಾಳಿ ಸೋರುವ ಸದ್ದು.

ಅಣ್ಣನಿಗೆ ಹೇಳಿದೆ. ಅವನು ಗೋಡೆಗೆ ಒರಗಿ ಕೂತ.

"ಆ ಪೈಪ್ ಹಾಕಿದ್ರೆ ಜನ ತುಂಬ್ಕೊಂಡು ಗುಡ್ಡ ಹತ್ತಲ್ಲ ಪುಟ್ಟಿ. ಈ ಕೆಲಸಾನೂ ಹೋದ್ರೆ ಇವಳ ಔಷಧಿಗೆ ಏನು ಮಾಡೋದು?"



ಫೆಬ್ರವರಿ 25

ಪಕ್ಕದ ಮನೆಯವರನ್ನು ಅಮ್ಮನ ಬಳಿ ಕೂರಿಸಿ ನಾನು ಒಬ್ಬಳೇ ಗ್ಯಾರೇಜಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ. ಗೇಟಿನ ಹತ್ತಿರ ಎಲ್ಲ ಮರೆತುಹೋಯಿತು. ವಾಪಸ್ ಹೊರಟೆ. ಅಮ್ಮನ ಬಿಗಿದ ತುಟಿ ಕಣ್ಣೆದುರು ಬಂತು. ಮತ್ತೆ ತಿರುಗಿದೆ.

"ಮಾವ... ಅಪ್ಪನ ಪೈಪ್..."

"ಯಾವ ಪೈಪಮ್ಮ?"

"ಸುಯ್ ಅನ್ನೋದು."

ಲ್ಯಾಪ್‌ಟಾಪ್ ಪಕ್ಕೆಂದು ನಕ್ಕ. ಮಾವ ನಗಲಿಲ್ಲ. ಕಾರಣ ಕೇಳಿದರು. ತಲೆ ಬಗ್ಗಿಸಿಯೇ ಹೇಳಿದೆ, ಪೂರ್ತಿ ಹೇಳಿದೆ. ಅಷ್ಟು ಮಾತು ಹೊರಗಿನವರ ಎದುರು ಯಾವತ್ತೂ ಆಡಿದವಳಲ್ಲ. ತಲೆ ಎತ್ತಿದಾಗ ಲ್ಯಾಪ್‌ಟಾಪ್ ತನ್ನ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು ಹಿಂದಿನ ಗುಜರಿ ರಾಶಿ ಕೆದಕುತ್ತಿದ್ದ. ಮೊಣಕೈವರೆಗೆ ಕಪ್ಪು ಎಣ್ಣೆ.

ಸಿಕ್ಕಿತು.

ಮನೆಗೆ ತಂದು ನೋಡಿದೆ. ಅಪ್ಪ ಸುತ್ತಿದ್ದ ಬಟ್ಟೆ ಅವರದೇ ನೀಲಿ ಅಂಗಿಯ ಪಟ್ಟಿ. ಅದರಲ್ಲೊಂದು ಕಾಜ. ನನ್ನ ಕೈಯದು. ಕಲಿಯುವಾಗ ಹೊಲಿದದ್ದು, ಸೊಟ್ಟಗಿದೆ.

ಫೆಬ್ರವರಿ 26

ಬೆಳಿಗ್ಗೆ ಅಣ್ಣ ಪೈಪನ್ನು ಸೀಟಿನ ಕೆಳಗೆ ಹಾಕಿಕೊಂಡು ಹೊರಟ.

ಸಂಜೆ ಸುಯ್ಯ್...

"ಬಂದ್ರು!" ಅಮ್ಮ ಕುರ್ಚಿ ಹಿಡಿದು ಎದ್ದಳು. ಕೂದಲು ನಾನೇ ಬಾಚಿದೆ. ನಲ್ಲಿ ತಿರುಗಿತು. "ಇಷ್ಟು ದಿನ ಎಲ್ಲಿಗೆ ಬಾಡಿಗೆ ಹೋಗಿದ್ರೋ, ಒಂದು ಮಾತು ಹೇಳಿ ಹೋಗೋದಲ್ವಾ," ಎಂದು ಗೊಣಗುತ್ತಾ ಉಂಡಳು. ಎರಡನೇ ಸಲ ಬಡಿಸಿಕೊಂಡಳು.

ಅಡುಗೆಮನೆಯಲ್ಲಿ ಕೇಳಿದೆ. "ಕೆಲಸ ಬಿಟ್ಟೆಯಾ ಅಣ್ಣ?"

"ಇಲ್ಲ. ನೀರಿನ ಟ್ಯಾಂಕ್ ಹತ್ರ ತಿರುವಿದೆಯಲ್ಲ, ಅಲ್ಲಿ ನಿಲ್ಲಿಸಿ ಹೊಸಾದು ಬಿಚ್ಚಿ ಹಳೇದು ಹಾಕ್ದೆ. ಎರಡು ಕ್ಲಿಪ್ ಅಷ್ಟೇ. ಚಿಪ್ಪಿನ ಪ್ಲಗ್ಗೂ ಕಿತ್ತೆ. ಬೆಳಿಗ್ಗೆ ಅಲ್ಲೇ ಮತ್ತೆ ಬದಲಾಯಿಸ್ತೀನಿ."

"ದಿನಾನಾ?"

"ಇನ್ನೇನು ವರ್ಷಕ್ಕೊಂದ್ಸಲ ಉಣ್ತಾಳಾ ಅವಳು?"

ಅವನ ಬೆರಳ ತುದಿ ಕೆಂಪಗೆ ಸುಟ್ಟಿತ್ತು. ಇಂಜಿನ್ ಬಿಸಿ ಇರುವಾಗಲೇ ಬಿಚ್ಚಬೇಕಲ್ಲ.

ಮಾರ್ಚ್ 12

ದಿನಾ ಹಾಗೇ. ಅಮ್ಮನ ಕೆನ್ನೆ ಸ್ವಲ್ಪ ತುಂಬಿದೆ.

ಹಳೆಯ ಅಂಗಿಯ ತೋಳು ಕತ್ತರಿಸಿ ಅಣ್ಣನಿಗೆ ಕೈಗವಸು ಹೊಲಿದುಕೊಟ್ಟೆ, ದಪ್ಪಗೆ, ಬೆರಳು ಸುಡದಿರಲಿ ಎಂದು. ಹಾಕಿಕೊಂಡು ನೋಡಿ, "ಬಾಕ್ಸಿಂಗ್‌ಗೆ ಹೋಗ್ಲಾ?" ಎಂದ.

ತಿರುವಿನಲ್ಲಿ ಒಬ್ಬ ಮುದುಕರು ವಾಕಿಂಗ್ ಬರುತ್ತಾರಂತೆ. ನಿನ್ನೆ ಕೇಳಿದರಂತೆ. "ಏನಪ್ಪಾ, ನಿನ್ನ ಗಾಡಿ ದಿನಾ ಇದೇ ಜಾಗದಲ್ಲಿ ಕೆಡುತ್ತಲ್ಲ?" ಅಣ್ಣ, "ಇಲ್ಲಿ ನೀರು ಚೆನ್ನಾಗಿದೆ ಅಜ್ಜ, ಕುಡಿಯೋಕೆ ನಿಲ್ಲುತ್ತೆ" ಎಂದನಂತೆ.

ಹೇಳಿ ನಕ್ಕ. ಆಮೇಲೆ ತಟ್ಟೆ ನೋಡುತ್ತಾ, "ಆ ತಿರುವಿಂದ ಮನೆವರೆಗೆ ನಾನು ಅಪ್ಪ ಆಗಿರ್ತೀನಿ ಕಣೇ. ಮೊದಮೊದಲು ಕೋಪ ಬರ್ತಿತ್ತು. ಈಗ... ನಿಧಾನಕ್ಕೆ ಓಡಿಸ್ತೀನಿ," ಎಂದ.

ಏಪ್ರಿಲ್ 2

ಅಮ್ಮನಿಗೆ ಜ್ವರ. ಎದೆಯಲ್ಲಿ ಗೊರಗೊರ. ಡಾಕ್ಟರು ಮನೆಗೇ ಬಂದರು. ಆಸ್ಪತ್ರೆಗೆ ಸೇರಿಸಿದರೂ ಹೆಚ್ಚೇನೂ ಆಗದು, ಜೊತೆಯಲ್ಲಿರಿ ಎಂದು ಮೆಲ್ಲಗೆ ಹೇಳಿದರು. ಅಣ್ಣ ಕೆಲಸಕ್ಕೆ ಹೋಗಲಿಲ್ಲ.

ಸಂಜೆ ಬೆಳಕು ಇಳಿಯುವಾಗ ತಟ್ಟನೆ ಎದ್ದು ಚಪ್ಪಲಿ ಮೆಟ್ಟಿದ.

"ಈಗ ಎಲ್ಲಿಗೆ?"

"ಅಪ್ಪ ಬರೋ ಹೊತ್ತಾಯ್ತಲ್ಲ."

ಗಾಡಿ ತೆಗೆದುಕೊಂಡು ಇಳಿದ. ಸ್ವಲ್ಪ ಹೊತ್ತಿಗೆ ಏರಿನಲ್ಲಿ ಸುಯ್ಯ್ ಎಂದಿತು. ಎಂದಿಗಿಂತ ನಿಧಾನ. ಎಂದಿಗಿಂತ ಉದ್ದ. ಅಮ್ಮ ಕಣ್ಣು ಬಿಡಲಿಲ್ಲ. ಬಲಗೈ ಮಾತ್ರ ಹೊದಿಕೆಯಿಂದ ಹೊರಬಂದು ಮೆಲ್ಲಗೆ ಕೂದಲಿನ ಕಡೆ ಹೋಯಿತು. ಅರ್ಧಕ್ಕೇ ನಿಂತಿತು. ಉಳಿದರ್ಧ ದೂರ ನಾನು ಹಿಡಿದು ಮುಟ್ಟಿಸಿದೆ.

ಏಪ್ರಿಲ್ 4

ಅಮ್ಮ ಇಲ್ಲ.

ಏಪ್ರಿಲ್ 21

ಅಣ್ಣ ಇಂದು ಮತ್ತೆ ಕೆಲಸಕ್ಕೆ ಹೋದ. ಹೊಸ ಪೈಪ್, ಚಿಪ್, ಎಲ್ಲ ಹಾಕಿಕೊಂಡೇ ಹೊರಟ. ಇನ್ನು ಬಿಚ್ಚುವ ಕೆಲಸವಿಲ್ಲ.

ದಿನವಿಡೀ ಕಾಜ ಹೊಲಿದೆ. ಮಡಚುವವರಿಲ್ಲ. ಅಂಗಿಗಳು ಮಂಚದ ಮೇಲೆ ರಾಶಿ ಬಿದ್ದಿವೆ.

ಸಂಜೆ ಸೂಜಿಗೆ ದಾರ ಪೋಣಿಸುತ್ತಿದ್ದೆ. ಏರಿನಲ್ಲಿ ಸುಯ್ಯ್...

"ಬಂದ್ರು" ಎಂದೆ.

ನಾನೇ. ಖಾಲಿ ಕೋಣೆಯಲ್ಲಿ, ಜೋರಾಗಿ. ಕೈ ಕೂದಲಿನ ಮೇಲಿತ್ತು.

ಅಣ್ಣ ಹಿತ್ತಲಿಗೆ ಹೋಗದೆ ಮುಂಬಾಗಿಲಲ್ಲೇ ನಿಂತ. ಕೈಯಲ್ಲಿ ಸ್ಕ್ರೂಡ್ರೈವರ್. ನಾನು ಹೊಲಿದುಕೊಟ್ಟ ಕೈಗವಸು ಹಾಕಿಕೊಂಡಿರಲಿಲ್ಲ, ಬೆರಳು ಸುಟ್ಟಿತ್ತು.

"ತಿರುವು ಬಂತು, ನಿಲ್ಲಿಸಿ ಬದಲಾಯಿಸಿಬಿಟ್ಟೆ ಪುಟ್ಟಿ. ಹಳೇದು ಸೀಟಿನ ಕೆಳಗೇ ಇತ್ತಲ್ಲ. ಬಾನೆಟ್ ಮುಚ್ಚಿದ ಮೇಲೆ ನೆನಪಾಯ್ತು." ಸ್ಕ್ರೂಡ್ರೈವರನ್ನು ಬಾಗಿಲ ಬಳಿ ಇಟ್ಟ. "ಮತ್ತೆ ಬಿಚ್ಚೋಕೆ ಮನಸ್ಸಾಗ್ಲಿಲ್ಲ. ಹಾಗೇ ಬಂದೆ."

ಹೊಸಲಿನ ಮೇಲೆ ಕೂತೆವು. ಅವನ ಬೆರಳನ್ನು ತಣ್ಣೀರಿನಲ್ಲಿ ಅದ್ದಿಸಿದೆ. ಅಪ್ಪ ಸತ್ತಾಗ ನಾವಿಬ್ಬರೂ ಸರಿಯಾಗಿ ಅತ್ತಿರಲಿಲ್ಲ. ಮರೆತ ಅಮ್ಮನಿಗೆ ಮತ್ತೆ ಗೊತ್ತಾಗಬಾರದು ಎಂದು ನುಂಗಿಕೊಂಡಿದ್ದೆವು. ಇವತ್ತು ಅಪ್ಪ ಅಮ್ಮ ಇಬ್ಬರಿಗೂ ಸೇರಿಸಿ ಅತ್ತೆವು.

ಏಪ್ರಿಲ್ 22, ಬೆಳಿಗ್ಗೆ

ಅಣ್ಣ ಮನೆ ಮುಂದೆಯೇ ಹಳೆಯ ಪೈಪ್ ಬಿಚ್ಚಿ ನನ್ನ ಕೈಗೆ ಕೊಟ್ಟ. ಎಸೆ ಎನ್ನಲಿಲ್ಲ, ಇಟ್ಟುಕೋ ಎಂದೂ ಹೇಳಲಿಲ್ಲ. ಹೊರಟ. ಸದ್ದೇ ಇಲ್ಲದೆ ಇಳಿದು ಹೋಯಿತು ಗಾಡಿ.

ಪೈಪಿಗೆ ಸೋಪು ಹಾಕಿ ತೊಳೆದೆ. ನೀಲಿ ಪಟ್ಟಿಯಿಂದ ಕಪ್ಪು ನೀರು ಬಹಳ ಹೊತ್ತು ಬಂತು. ಕಾಜದ ದಾರ ಬಿಟ್ಟಿತ್ತು, ಕೂತು ಸರಿ ಮಾಡಿದೆ. ಸೊಟ್ಟಗಿದ್ದದ್ದನ್ನು ಸೊಟ್ಟಗೇ ಬಿಟ್ಟೆ. ಆಮೇಲೆ ಹಿತ್ತಲ ಹಗ್ಗದ ಮೇಲೆ, ಅಮ್ಮನ ಶಾಲಿನ ಪಕ್ಕ ಒಣಹಾಕಿದೆ. ಗಾಳಿ ಬಂದರೆ ಸುಯ್ಯ್ ಎಂದೀತು, ಕಿವಿಗೊಟ್ಟು ಕೂತಿದ್ದೇನೆ.