ಲಾರಿಯ ಅಡಿಯಲ್ಲಿ ಆಡಿದ ಮಾತು

ಕಾಸರಗೋಡು,
೧೭ ಫೆಬ್ರವರಿ ೧೯೫೨

ಮಲಯ ದೇಶದಲ್ಲಿ ಒಬ್ಬರೇ ಇರುವ ನನ್ನವರಿಗೆ, ನಿಮ್ಮ ಶಂಕರಿ ದೂರದಿಂದಲೇ ಕಾಲು ಮುಟ್ಟಿ ಮಾಡುವ ನಮಸ್ಕಾರಗಳು.

ನನ್ನನ್ನು ಹಡಗು ಹತ್ತಿಸಿದ ಮೇಲೆ ನೀವು ಬರೆದ ಎರಡು ಕಾಗದಗಳೂ ತಲುಪಿವೆ. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡಿ. ಗುಂಡು ಹೊಕ್ಕ ಬಲ ಹೆಗಲು ಇನ್ನೂ ಏಳುವುದಿಲ್ಲ. ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದೇನೆ. ಬೇರೆಯವರಿಂದ ಬರೆಸಲು ಮನಸ್ಸಾಗಲಿಲ್ಲ. ಅತ್ತೆಯ ಕೆಮ್ಮು ಕಡಿಮೆಯಾಗಿದೆ. ನಿಮ್ಮ ಅಣ್ಣ ಮಹಾಬಲ ಭಾವನಿಗೆ ಶಾಲೆಯಲ್ಲಿ ಹೆಡ್‌ಮಾಸ್ತರಿಕೆ ಸಿಕ್ಕಿತು. ನಿಮ್ಮ ಅತ್ತಿಗೆ ಸೌದಾಮಿನಿ ಅಕ್ಕ ದಿನಾ ನನ್ನ ತಲೆ ಬಾಚಿ ಜಡೆ ಹಾಕುತ್ತಾರೆ, ಚಿಕ್ಕ ಹುಡುಗಿಗೆ ಹಾಕುವ ಹಾಗೆ.

ಮನೆಗೆ ಬಂದವರೆಲ್ಲ ಕೇಳುತ್ತಾರೆ, "ಎಂತಾಯ್ತು ಶಂಕರಿ, ಹೇಗಾಯ್ತು?" ನಾನು ಒಂದೇ ಪಾಠ ಒಪ್ಪಿಸುತ್ತೇನೆ. ಇವರು ರಬ್ಬರ್ ಎಸ್ಟೇಟಿನ ಆಫೀಸಿನಲ್ಲಿದ್ದರು. ನಾವು ಹೆಂಗಸರು ಮಕ್ಕಳು ದೀಪಾವಳಿಯ ಸಾಮಾನಿಗೆಂದು ಲಾರಿಯಲ್ಲಿ ಪೇಟೆಗೆ ಹೊರಟಿದ್ದೆವು. ತಿರುವಿನಲ್ಲಿ ಮರ ಕಡಿದು ಅಡ್ಡ ಹಾಕಿದ್ದರು. ಕಾಡಿನೊಳಗಿಂದ, ಬ್ರಿಟಿಷರ ಮೇಲೆ ಬಂಡೆದ್ದ ಬಂದೂಕಿನವರು ಗುಂಡು ಹಾರಿಸಿದರು. ನಮ್ಮ ಪ್ರೇಮಾವತಿ ಹೋದಳು, ನಾನು ಉಳಿದೆ. ಕೇಳಿದವರು ನಿಟ್ಟುಸಿರು ಬಿಟ್ಟು, ಕಾಫಿ ಕುಡಿದು ಹೋಗುತ್ತಾರೆ. "ನೀವು ಅವರಿಗೆ ಎಂತ ಮಾಡಿದ್ದಿರಿ ಮಾರಾಯ್ತಿ?" ಎಂದು ಒಬ್ಬರು ಕೇಳಿದರು. ಆರು ವರ್ಷದ ಮಗು ಯಾರಿಗೆ ಏನು ಮಾಡಿರುತ್ತದೆ?

ನನ್ನ ಮನಸ್ಸು ತಿಳಿಯಾಗಲೆಂದು ಭಾವ ಕಳೆದ ವಾರ ಎಲ್ಲರನ್ನೂ ಡೇರೆ ಸಿನೆಮಾಕ್ಕೆ ಕರೆದೊಯ್ದರು. ಹಾಡು ಕುಣಿತ ಇರುವವರೆಗೆ ಚೆನ್ನಾಗಿಯೇ ಇತ್ತು. ನಾನು ಒಮ್ಮೆ ನಕ್ಕೆ ಎಂದು ಅಕ್ಕ ಹೇಳುತ್ತಾರೆ. ಆಮೇಲೆ ಪರದೆಯ ಮೇಲೆ ಡಕಾಯಿತರು ಬಂದು ಗುಂಡು ಹಾರಿಸಿದರು. ಮತ್ತೆ ನನಗೆ ಎಚ್ಚರ ಬಂದಾಗ ನೆಲದ ಮೇಲೆ ಕವುಚಿ ಬಿದ್ದಿದ್ದೆ. ನನ್ನ ಕೆಳಗೆ ಒಂದು ಮಗು ಉಸಿರು ಕಟ್ಟಿ ಅಳುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದ ಶಿರಿಯದ ಅಮ್ಮು ಎಂಬವಳ ಮಗು. ಹಿಂದಿನವರು "ಹುಚ್ಚಿ, ಹುಚ್ಚಿ" ಎಂದು ಕೂಗಿದರು. ಭಾವ ಮಗುವನ್ನು ಬಿಡಿಸಿ, ಆಕೆಗೆ ಕೈಮುಗಿದು ವಿಷಯ ಹೇಳಿದರು. ಆಕೆ ಬೈಯಲಿಲ್ಲ. ನನ್ನ ಬೆನ್ನು ಸವರಿ, "ಅಕ್ಕ, ಮಗುವಿಗೆ ಎಂತದೂ ಆಗಲಿಲ್ಲ, ನೋಡಿ. ಸ್ವಲ್ಪ ಹೊತ್ತು ಎತ್ತಿಕೊಳ್ತೀರಾ?" ಎಂದಳು. ನಾನು ಕೈ ಚಾಚಿದೆ. ಮಗು ನನ್ನ ಮುಖ ನೋಡಿ ಚೀರಿ, ತಾಯಿಯ ಕುತ್ತಿಗೆಗೆ ಅಂಟಿಕೊಂಡಿತು.

ಅಂದಿನಿಂದ ಹೊರಗೆ ಹೋಗಿಲ್ಲ. "ಅವ ಒಮ್ಮೆ ಊರಿಗೆ ಬರಲಿ, ಇನ್ನೊಂದು ಹುಟ್ಟಿದರೆ ಎಲ್ಲ ಸರಿಯಾಗ್ತದೆ" ಎನ್ನುತ್ತಾರೆ ಅತ್ತೆ. ಅವರದು ಒಳ್ಳೆಯ ಮನಸ್ಸೇ. ಆದರೆ ನನ್ನನ್ನು ಕಂಡರೆ ಮಕ್ಕಳು ಹೆದರುತ್ತವೆ. ಬೆಳಗಾಗುತ್ತದೆ, ಬಡಿಸುತ್ತಾರೆ, ಉಣ್ಣುತ್ತೇನೆ. ಜೀವ ಉಳಿದದ್ದೇ ದೊಡ್ಡದು ಎಂದು ಎಲ್ಲರೂ ಹೇಳುವಾಗ ತಲೆ ಆಡಿಸುತ್ತೇನೆ. ಯಾಕೆ ದೊಡ್ಡದು ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಮಗು ನೋವು ತಿನ್ನದೆ ಹೋದಳು, ಅದೊಂದೇ ನನಗೆ ಸಮಾಧಾನ ಎಂದು ನೀವು ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಉತ್ತರ ಬರೆಯಲು ಕೂತಾಗಲೆಲ್ಲ ಅಲ್ಲಿಗೇ ನಿಂತುಹೋಗುತ್ತಿದ್ದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಆ ದಾರಿಯಲ್ಲಿ ಹೋಗಬೇಡಿ. ಮಧೂರಿನ ಗಣಪತಿ ನಿಮ್ಮನ್ನು ಕಾಯಲಿ. ಅವನ ಮೇಲೆ ನನಗೆ ನಂಬಿಕೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಆದರೂ ನಿಮಗಾಗಿ ಬೇಡಿಕೊಂಡಿದ್ದೇನೆ.

ನಿಮ್ಮ
ಶಂಕರಿ

ತಾ.ಕ.: ಗುಂಡು ತಗಲಿದ ಕೂಡಲೇ ಪ್ರೇಮ ಹೋದಳೆಂದು ಆಸ್ಪತ್ರೆಯಲ್ಲಿ ನಿಮಗೆ ಹೇಳಿದ್ದೆ. ಹಾಗಲ್ಲ. ಲಾರಿಯ ಅಡಿಯಲ್ಲಿ, ನನ್ನ ಎದೆಗೆ ಒರಗಿ ಬಹಳ ಹೊತ್ತು ಮಾತಾಡುತ್ತಿದ್ದಳು. ನೀರು ಕೇಳಿದಳು, ಇರಲಿಲ್ಲ. ಪೊಲೀಸರು ಬಂದದ್ದು ಬಿಸಿಲು ಇಳಿದ ಮೇಲೆ. ಕೊನೆಗೆ, "ಅಮ್ಮಾ, ಹೊಸ ಲಂಗ ಎಲ್ಲ ಹಾಳಾಯ್ತು. ಅಪ್ಪನಿಗೆ ಹೇಳ್ಬೇಡ, ಬೈತಾರೆ" ಎಂದಳು. ಹೇಳುವುದಿಲ್ಲ ಮಗಳೇ ಎಂದೆ. ಇಷ್ಟು ದಿನ ಹೇಳಲಿಲ್ಲ. ಇನ್ನು ಒಬ್ಬಳೇ ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ. ಅವಳಿಗೆ ಬೈಯಬೇಡಿ.