ಗಾಳಿ ತಾಗಬಾರದ ಹರಳು

ಅಕ್ಟೋಬರ್ 18, ಬುಧವಾರ

ತೇವ ಹೀರುವ ಸಿಲಿಕಾ ಜೆಲ್ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಓವನ್ನಿನಲ್ಲಿ ಒಣಗಿಸಿ ನೀಲಿ ಮಾಡಿದೆ. ಹಾಳು ಕಲ್ಕತ್ತೆಯ ಗಾಳಿ... ಹಪ್ಪಳವನ್ನೇ ಬಿಡುವುದಿಲ್ಲ, ನನ್ನ ಹರಳನ್ನು ಬಿಟ್ಟೀತೆ?

ಕೊರೆದು ತೆಗೆದ ಅಷ್ಟೂ ಕಲ್ಲಿನಲ್ಲಿ ಸಿಕ್ಕಿದ್ದು ಎರಡೇ ಚೂರು. ನೀರು ತಾಗಿದರೆ ಕರಗುವ ಜಾತಿ. ಒಂದನ್ನು ಸೀಮೆಎಣ್ಣೆಯಲ್ಲಿ ಪಾಲಿಶ್ ಮಾಡಿ ಪರೀಕ್ಷೆಗೆ ಕೊಟ್ಟಾಯಿತು. ಸೋಡಿಯಂ, ಸಿಲಿಕಾ, ಒಂದಿಷ್ಟು ಮ್ಯಾಂಗನೀಸ್ — ಗೊತ್ತಿರುವ ಯಾವ ಸಿಲಿಕೇಟ್‌ಗೂ ಹೊಂದುತ್ತಿಲ್ಲ. ಉಳಿದ ಚೂರಿನ ಒಳರಚನೆಯನ್ನು ಎಕ್ಸ್‌-ರೇಯಲ್ಲಿ ತೋರಿಸಿದರೆ ಮಾತ್ರ ಹೊಸ ಖನಿಜ ಎಂದು ಒಪ್ಪುತ್ತಾರೆ. ಮೆಷಿನ್ ಕೈಕೊಟ್ಟಿದೆ. ಅದನ್ನು ನೋಡಿಕೊಳ್ಳುವ ಬಸುದಾ, ‘ದುರ್ಗಾ ಪೂಜೋ ಮುಗೀಲಿ, ಇಪ್ಪತ್ತೈದಕ್ಕೆ ಮಾಡೋಣ’ ಅಂದರು. ಅಲ್ಲಿಯವರೆಗೆ ನಾನು ಬದುಕಿರಬೇಕಲ್ಲ.

ಅಕ್ಟೋಬರ್ 20, ಶುಕ್ರವಾರ

ಲ್ಯಾಬ್‌ಗೆ ಬೀಗ. ರಜೆ ಮುಗಿಯುವವರೆಗೆ ಎಸಿ ಬಂದ್. ಹರಳಿನ ಬಾಟಲಿಯನ್ನು ಪರ್ಸಿನಲ್ಲಿಟ್ಟುಕೊಂಡು ಮನೆಗೆ ತಂದೆ. ತರಬಾರದು, ಗೊತ್ತು.

ಫ್ರಿಜ್ಜಿನಲ್ಲಿ, ಮೊಸರಿನ ಪಕ್ಕ. ಸಂಜೆಯೊಳಗೆ ಎಷ್ಟು ಸಲ ಬಾಗಿಲು ತೆರೆದೆನೋ. ಗಂಡ ಅರವಿಂದನ ಕುಹಕ: ‘ಮತ್ತ ನೋಡಿದ್ಯಾ? ಅದೇನು ತೊಟ್ಟಲದಾಗಿನ ಕೂಸೇನು, ಎದ್ದದೋ ಇಲ್ಲೋ ಅಂತ ಇಣುಕಲಿಕ್ಕೆ?’

ನಗು ಬರಲಿಲ್ಲ. ನಿದ್ದೆಯೂ ಬರುವುದಿಲ್ಲ.

ಅಕ್ಟೋಬರ್ 22, ಅಷ್ಟಮಿ

ಜಾದವ್‌ಪುರವೆಲ್ಲ ರಸ್ತೆಯಲ್ಲಿದೆ. ಅರವಿಂದ ಪೆಂಡಾಲ್ ನೋಡಲು ಹೋದ. ನಾನು ಹೋಗಲಿಲ್ಲ.

ಬಾಟಲಿಯ ಗಾಜಿನ ಮೇಲೆ ಮಂಜು, ಒಳಗಿನದು ಕಾಣಲಿಲ್ಲ. ಒಂದೇ ಸಲ ನೋಡೋಣ ಅಂತ ಮುಚ್ಚಳ ತಿರುಗಿಸಿದೆ.

ಫ್ರಿಜ್ಜಿನಿಂದ ತೆಗೆದ ಸ್ಯಾಂಪಲ್ ಹೊರಗಿನ ಬಿಸಿಗೆ ಬರುವವರೆಗೆ ತೆರೆಯಬಾರದು. ಹೊಸಬರಿಗೆ ನಾನೇ ಹೇಳಿಕೊಡುವ ಮೊದಲ ಪಾಠ. ಅಭ್ರಕದ ಹಾಗೆ ಹೊಳೆಯುತ್ತಿದ್ದ ಚೂರಿನ ಮೇಲೆ ತೇವ ಕೂತಿತು. ನೋಡುತ್ತಿದ್ದಂತೆ ಬೆಳ್ಳಗಾಯಿತು. ಸೂಜಿಯಿಂದ ಮುಟ್ಟಿದೆ — ಪುಡಿ.

ಅರವಿಂದ ರೋಲ್ ಕಟ್ಟಿಸಿಕೊಂಡು ಬಂದ. ತಿಂದೆ. ಅವನಿಗೆ ಹೇಳಲಿಲ್ಲ.

ಅಕ್ಟೋಬರ್ 25, ಬುಧವಾರ, ಬೆಳಿಗ್ಗೆ 11

ಎಕ್ಸ್‌-ರೇ ಕೋಣೆಯ ಹೊರಗೆ ಬೆಂಚಿನ ಮೇಲೆ. ಮೆಟ್ಟಿಲು ಹತ್ತುವಾಗ ಮಾತು ಜೋಡಿಸಿಕೊಂಡಿದ್ದೆ: ಹರಳು ಹಾಳಾಯಿತು, ತಪ್ಪು ನನ್ನದು. ಬಸುದಾ ಬಾಯಿ ತೆರೆಯಲು ಬಿಡಲಿಲ್ಲ. ಸ್ಪೆಷಲ್ ಪರ್ಮಿಷನ್ ತೆಗೆದುಕೊಂಡು ಬಂದು ಮೆಷಿನ್ ಸರಿ ಮಾಡಿದ್ದಾರಂತೆ. ಅಷ್ಟಮಿಯ ದಿನ. ಮನೆಯವರು ದೇವಿಗೆ ಅಂಜಲಿ ಕೊಡಲು ಹೋದಾಗ ಇವರು ಇಲ್ಲಿ. ‘ನಾನು ರಿಟೈರ್ ಆಗೋ ಮೊದಲು ಒಂದು ಹೊಸದು ಸಿಗ್ತಲ್ಲ, ದಿದಿ’ ಅಂದರು. ಎರಡು ಚಾ ತರಿಸಿದರು.

ಈಗ ಒಳಗಿನಿಂದ ಕರೆಯುತ್ತಿದ್ದಾರೆ. ‘ತನ್ನಿ ದಿದಿ. ಮುಚ್ಚಳ ಮಾತ್ರ ತೆಗೀಬೇಡಿ, ಗಾಳಿ ತಾಗುತ್ತೆ.’

ಹೋಗಿ ಮೊದಲು ಅವರಿಗೆ ನಿಜ ಹೇಳಬೇಕು.